ಗೆರೆಯಲ್ಲಿ ಉಳಿದ ಊರು
(ಉತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕರಾವಳಿಯ ಉಡುಪಿಗೆ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಕೃಷ್ಣ ಹೆಬ್ಬಾರರು ಜನಿಸಿದರು. ಮುಂಬಯಿಯ ಜೆ. ಜೆ. ಕಲಾಶಾಲೆ, ಆಮೇಲೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್, ಹೀಗೆ ದೂರದೂರ ಹೋಗಿ ಕಲಿತವರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಬಂದವು. 1996ರಲ್ಲಿ ತೀರಿಕೊಂಡರು. ಎಷ್ಟು ದೂರ ಹೋದರೂ ಅವರ ಕೈ ಊರನ್ನು ಬಿಡಲಿಲ್ಲ. ಯಕ್ಷಗಾನದ ವೇಷ, ಕೋಳಿ ಅಂಕದ ಗದ್ದಲ, ಕುಣಿಯುವವರು, ವಾದ್ಯ ಬಾರಿಸುವವರು, ಎಲ್ಲವೂ ಕಪ್ಪು ಶಾಯಿಯ ಕೆಲವೇ ಗೆರೆಗಳಲ್ಲಿ ನಿಂತಿವೆ. ಬಣ್ಣದ ಆಸರೆಯಿಲ್ಲ; ಶಾಯಿಯ ಗೆರೆ ತಪ್ಪಿದರೆ ಅಳಿಸುವಂತೆಯೂ ಇಲ್ಲ.

ಆ ಗೆರೆಗೆ ಲಯ ಬರಲೆಂದು ಅವರು ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ಕಲಿತರು. ರಂಗವೇರುವ ಆಸೆಯಿಂದಲ್ಲ, ಕುಣಿಯುವ ಮೈಯ ತೂಕ ಯಾವ ಕಾಲಿನ ಮೇಲಿದೆ ಎಂಬುದು ಸ್ವಂತ ಮೈಗೇ ತಿಳಿಯಲೆಂದು. ಚಿತ್ರಕಾರನೊಬ್ಬ ಗೆಜ್ಜೆ ಕಟ್ಟಿದನೆಂದರೆ ನಗುವವರು ನಗಲಿ!

ಉಡುಪಿಯ ಮಾತು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಏಕೆಂದು ಕೇಳಬಹುದು. ಇಲ್ಲಿ ಕಡಲಿಲ್ಲ, ಕೃಷ್ಣೆಯಿದ್ದಾಳೆ. ತಂಗಡಿಯ ಬಳಿ ಭೀಮೆ ಬಂದು ಕೂಡುತ್ತಾಳೆ. ಕರಾವಳಿಯ ಯಕ್ಷಗಾನವಿಲ್ಲ, ಮಗ್ಗವಿದೆ. ಗದ್ವಾಲದ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡನ್ನೂ ಕೂಡಿಸುವುದು ಸೂಜಿಯಲ್ಲ, ಮಗ್ಗದ ಮೇಲಿನ ಲಾಳಿ. ನಾರಾಯಣಪೇಟೆಯದು ಚೌಕಳಿ ಸೀರೆ, ಅಂಚಿನಲ್ಲಿ ಗುಡಿಯ ಶಿಖರಗಳ ಸಾಲು. ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯದ ಗಡಿ ಸರಿಯಿತು, ಈ ಅಂಚು ಸರಿಯಲಿಲ್ಲ.

ಜಕಾರ್ಡಿನಲ್ಲಿ ನೇಯುವ ವಿನ್ಯಾಸ ನೂಲಿಗಿಳಿಯುವ ಮೊದಲು ಚೌಕದ ಹಾಳೆಯ ಮೇಲೆ ಮೂಡಬೇಕು. ಮನೆ ಮನೆ ಎಣಿಸಿ ತುಂಬಿ, ಅದರಂತೆ ರಟ್ಟಿನಲ್ಲಿ ತೂತು ಹೊಡೆದು ಮಗ್ಗಕ್ಕೇರಿಸುತ್ತಾರೆ. ಒಂದು ಮನೆ ತಪ್ಪಿದರೆ ಆ ತಪ್ಪು ಪ್ರತಿ ಬುಟ್ಟಾದಲ್ಲೂ ಬರುತ್ತದೆ. ಇದೂ ರೇಖಾಚಿತ್ರವೇ ಅಲ್ಲವೇ? ಹೆಬ್ಬಾರರ ಹಾಳೆಗೆ ಚೌಕಟ್ಟು ಹಾಕಿ ಕಲಾಶಾಲೆಯಲ್ಲಿ ತೂಗುಹಾಕುತ್ತಾರೆ. ನೇಕಾರನ ಹಾಳೆ ಕೆಲಸ ಮುಗಿದೊಡನೆ ಅಟ್ಟ ಸೇರುತ್ತದೆ. ಈಗ ವಿನ್ಯಾಸ ಕಂಪ್ಯೂಟರಿನಲ್ಲಿ ಬರತೊಡಗಿದ ಮೇಲಂತೂ ಕೈಬರಹದ ಹಾಳೆಯನ್ನು ಕೇಳುವವರಿಲ್ಲ. ಅದರೊಡನೆ ಬುಟ್ಟಾಗಳ ಹೆಸರುಗಳೂ ಹಿರಿಯರ ನಾಲಿಗೆಯ ಮೇಲಷ್ಟೇ ಉಳಿದಿವೆ.

ಆದ್ದರಿಂದ ಸಮಿತಿಯವರ ಮುಂದೆ ಒಂದು ಸೂಚನೆ. ಬರುವ ವರ್ಷದ ಉತ್ಸವದಲ್ಲಿ ಮಕ್ಕಳಿಗೆ ಬಿಳಿ ಹಾಳೆ, ಕಪ್ಪು ಶಾಯಿ ಕೊಡಿರಿ. ಗದ್ವಾಲ ಕೋಟೆಯ ಚೆನ್ನಕೇಶವ ಗುಡಿ, ತಂಗಡಿಯ ಸಂಗಮ, ಮನೆಯ ಮಗ್ಗ, ಅಜ್ಜಿಯ ಸೀರೆಯ ಅಂಚು, ನೋಡಿ ಬರೆಯಲಿ. ನೇಕಾರರ ಮನೆಗಳಲ್ಲಿ ಉಳಿದ ಹಳೆಯ ಹಾಳೆಗಳನ್ನು ಬೇಡಿ ತಂದು ಅವುಗಳ ಪಕ್ಕದಲ್ಲೇ ಇಡಿರಿ. ಪ್ರತಿಯೊಂದರ ಕೆಳಗೆ ಬುಟ್ಟಾದ ಹೆಸರು, ಬರೆದವರ ಮನೆತನದ ಹೆಸರು ಇರಲಿ, ಕನ್ನಡದಲ್ಲೂ ತೆಲುಗಿನಲ್ಲೂ.