ಚೀನದಲ್ಲಿ ಅಂತರರಾಷ್ಟ್ರೀಯ ರಾಜಕಾರಣದ ವ್ಯಾಸಂಗ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಎದುರು ಪಕ್ಷದ ಕೈಫಿಯತ್ತನ್ನು ಓದದೆ ನ್ಯಾಯಾಲಯದಲ್ಲಿ ವಾದಕ್ಕೆ ನಿಲ್ಲುವ ವಕೀಲನನ್ನು ನೀವು ಏನೆಂದು ಕರೆಯುವಿರಿ? ನೆರೆಯ ಚೀನದ ವಿಷಯದಲ್ಲಿ ನಾವು ಬಹುಮಟ್ಟಿಗೆ ಅಂಥ ವಕೀಲರೇ ಆಗಿದ್ದೇವೆ. ಆ ದೇಶವನ್ನು ಕುರಿತು ನಾವು ಬಲ್ಲುದರಲ್ಲಿ ಹೆಚ್ಚಿನ ಪಾಲು ಇಂಗ್ಲಿಷ್ ಗ್ರಂಥಗಳಿಂದ ಬಂದದ್ದು, ಮೂರನೆಯವನ ಮಾತು. ಆದುದರಿಂದ ಪದವೀಧರನಾದ ತರುಣನೊಬ್ಬನು ಅಲ್ಲಿಗೇ ಹೋಗಿ, ಅಲ್ಲಿಯ ಭಾಷೆಯಲ್ಲಿಯೇ ಅಂತರರಾಷ್ಟ್ರೀಯ ರಾಜಕಾರಣವನ್ನು ಓದಿದರೆ ಅವನಿಗೆ ದೊರೆಯುವದೇನು ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಾನ್‌ಜಿಂಗ್ ನಗರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಯ ವಿಶ್ವವಿದ್ಯಾಲಯವೂ ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವೂ ಕೂಡಿ 1986ರಲ್ಲಿ ಒಂದು ವ್ಯಾಸಂಗಕೇಂದ್ರವನ್ನು ತೆರೆದವು. ಅದರ ಏರ್ಪಾಡು ಅರ್ಥಪೂರ್ಣವಾದದ್ದು. ಪರದೇಶದ ವಿದ್ಯಾರ್ಥಿಯು ಚೀನೀ ಅಧ್ಯಾಪಕರಿಂದ ಚೀನೀ ಭಾಷೆಯಲ್ಲಿ ಕಲಿಯಬೇಕು. ಚೀನೀ ವಿದ್ಯಾರ್ಥಿಯು ಪರದೇಶದ ಅಧ್ಯಾಪಕರಿಂದ ಇಂಗ್ಲಿಷಿನಲ್ಲಿ ಕಲಿಯಬೇಕು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಇರಿಸುವ ಪದ್ಧತಿಯನ್ನು ಇಟ್ಟರು. ಹಗಲು ಕೇಳಿದ ಪಾಠವು ರಾತ್ರಿ ಕೋಣೆಯಲ್ಲಿ ವಾದಕ್ಕೆ ಬರುವದು. ಇಬ್ಬರೂ ಪರಭಾಷೆಯಲ್ಲಿ ತೊದಲಬೇಕಾದುದರಿಂದ ಯಾರಿಗೂ ಗರ್ವಪಡುವ ಅವಕಾಶವಿಲ್ಲ.

ಆ ಊರಾದರೂ ಎಂಥದು! 1842ರ ಆಗಸ್ಟ್ 29ರಂದು ಅದರ ಬಳಿ ಯಾಂಗ್‌ಟ್ಸಿ ನದಿಯಲ್ಲಿ ನಿಂತ ಕಾರ್ನ್‌ವಾಲಿಸ್ ಎಂಬ ಬ್ರಿಟಿಷ್ ಯುದ್ಧನೌಕೆಯ ಮೇಲೆ ಒಪ್ಪಂದಕ್ಕೆ ಸಹಿ ಬಿದ್ದಿತು. ಹಾಂಗ್‌ಕಾಂಗ್ ಕೈಬಿಟ್ಟಿತು, ಐದು ಬಂದರುಗಳನ್ನು ತೆರೆಯಬೇಕಾಯಿತು, 2 ಕೋಟಿ 10 ಲಕ್ಷ ಬೆಳ್ಳಿಯ ಡಾಲರುಗಳನ್ನು ಕೊಡಬೇಕಾಯಿತು. ನಮ್ಮ ಹುಡುಗರು ಇದನ್ನು ಒಂದು ಸಾಲಿನಲ್ಲಿ ಓದಿ ಮುಗಿಸುವರು. ಅಲ್ಲಿ ಅದು ‘ಅಸಮಾನ ಒಪ್ಪಂದ’ಗಳಲ್ಲಿ ಮೊದಲನೆಯದು, ‘ಅವಮಾನದ ಶತಮಾನ’ವನ್ನು ಅವರು ಆ ಅಫೀಮು ಯುದ್ಧದಿಂದ ಎಣಿಸುವರು. ಭಾರತೀಯನು ಆ ತರಗತಿಯಲ್ಲಿ ಬರಿಯ ಪ್ರೇಕ್ಷಕನಾಗಿ ಕುಳಿತಿರಲಾರನು. ಅಫೀಮು ಬೆಳೆದದ್ದು ಬಿಹಾರ, ಮಾಳವಗಳ ಹೊಲಗಳಲ್ಲಿ; ಕಾದಲು ಹೋದವರಲ್ಲಿ ಮದ್ರಾಸಿನ ಸಿಪಾಯಿ ದಳಗಳೂ ಇದ್ದವು. ನಾವೂ ಆಗ ದಾಸ್ಯದಲ್ಲಿದ್ದೆವು, ಅಹುದು. ಆದರೆ ಗುಂಡು ತಗಲಿದವನು ಕೋವಿ ಹಿಡಿದ ಕೈಯನ್ನೂ ನೆನಪಿಡುವನು.

ಇನ್ನು ನಮ್ಮದೇ ವ್ಯಾಜ್ಯ. 1962ರ ಅಕ್ಟೋಬರ್ 20ರಂದು ಆರಂಭವಾದ ಯುದ್ಧವನ್ನು ನಾವು ಚೀನದ ಆಕ್ರಮಣವೆನ್ನುತ್ತೇವೆ. ಚೀನೀ ಗ್ರಂಥಗಳಲ್ಲಿ ಅದರ ಹೆಸರು ‘ಭಾರತದ ವಿರುದ್ಧ ಆತ್ಮರಕ್ಷಣೆಯ ಪ್ರತಿದಾಳಿ’. ಮೊದಲ ಸಲ ಇದನ್ನು ಕೇಳಿದ ನಮ್ಮ ಹುಡುಗನ ರಕ್ತವು ಕುದಿಯದೆ ಇರದು; ಕುದಿಯಲಿ. ಆ ಮೇಲೆ ಅವನು ಕಾಗದಪತ್ರಗಳನ್ನು ಕೇಳಲಿ. 1914ರ ಸಿಮ್ಲಾ ಸಭೆಯಲ್ಲಿ ಚೀನದ ಪ್ರತಿನಿಧಿಯು ಕರಡಿಗೆ ಚಿಕ್ಕ ಸಹಿ ಹಾಕಿದನು. ಅವನ ಸರಕಾರವು ಅದನ್ನು ಒಪ್ಪಲಿಲ್ಲ. ಮ್ಯಾಕ್‌ಮಹೋನ್ ರೇಖೆಯನ್ನು ಬ್ರಿಟಿಷರೂ ತಿಬೇಟದವರೂ ತಮ್ಮತಮ್ಮಲ್ಲಿ ಪತ್ರ ಬರೆದುಕೊಂಡು ನಿಶ್ಚಯಿಸಿದರು. ಒಪ್ಪಂದ ಮಾಡಿಕೊಳ್ಳುವ ಅಧಿಕಾರವು ತಿಬೇಟಕ್ಕೆ ಇತ್ತೇ, ಇಲ್ಲವೇ? ಇತ್ತೆಂಬುದು ನಮ್ಮ ಪಕ್ಷ. ನನ್ನ ಅಭಿಪ್ರಾಯದಲ್ಲಿ ಬಲವಾದ ಪಕ್ಷ. (ಅಕ್ಸಾಯ್ ಚಿನ್ನಿನ ಪ್ರಶ್ನೆಯು ಬೇರೆ, ಅದಕ್ಕೆ ಇಂದು ಕೈಹಾಕುವದಿಲ್ಲ.) ಆದರೆ ಎದುರಾಳಿಯ ಬಾಯಿಂದ ಕೇಳಿ ಕಟ್ಟಿದ ಉತ್ತರವು ಬೇರೆ, ಮನೆಯಲ್ಲಿ ಕುಳಿತು ಊಹಿಸಿ ಕಟ್ಟಿದ್ದು ಬೇರೆ.

ಅಲ್ಲಿಯ ವಿದ್ಯೆಯೆಲ್ಲ ಅಪ್ಪಟ ಬಂಗಾರವೆಂದು ನಾನು ಹೇಳಲಾರೆ. 1989ರ ಜೂನ್ ತಿಂಗಳಲ್ಲಿ ಪೇಕಿಂಗಿನಲ್ಲಿ ವಿದ್ಯಾರ್ಥಿಗಳ ಚಳವಳಿಯನ್ನು ಸೈನ್ಯವು ಗುಂಡು ಹಾರಿಸಿ ಅಡಗಿಸಿತು. ಆ ಸಂಗತಿಯನ್ನು ಆ ದೇಶದಲ್ಲಿ ಬಹಿರಂಗವಾಗಿ ಚರ್ಚಿಸುವಂತಿಲ್ಲ. ಜಾಣ ವಿದ್ಯಾರ್ಥಿಯು ಅಂಥ ಮೌನವನ್ನೂ ಟಿಪ್ಪಣಿ ಮಾಡಿಕೊಳ್ಳುವನು.

ನಮ್ಮವರು ಈ ದಾರಿಯನ್ನು ತುಳಿದೇ ಇಲ್ಲವೆಂದಲ್ಲ. ಶಾಂತಿನಿಕೇತನದ ಚೀನಾಭವನವು 1937ರಲ್ಲಿ ಹುಟ್ಟಿತು. 1947ರಲ್ಲಿ ಪೇಕಿಂಗ್ ವಿಶ್ವವಿದ್ಯಾಲಯಕ್ಕೆ ಓದಲು ಹೋದ ವಿ. ವಿ. ಪರಾಂಜಪೆಯವರು 1954ರಲ್ಲಿ ನೆಹರೂರವರು ಚೀನಕ್ಕೆ ಬಂದಾಗ ದುಭಾಷಿಗಳಾಗಿ ನಿಂತರು. ಆದರೆ ಇತ್ತೀಚಿನ ದಶಕಗಳಲ್ಲಿ ಹೋದವರಲ್ಲಿ ಬಹುಜನರು ವೈದ್ಯಕೀಯದವರು. ಪಾಠಗಳನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಕೇಳಿ ಮರಳಿದರು.

ಶಿಕ್ಷಕಬಂಧುಗಳೇ, ನಿಮ್ಮ ಶಾಲೆಯಲ್ಲಿ ಚರಿತ್ರೆಯನ್ನು ಆಸೆಪಟ್ಟು ಓದುವ ಹುಡುಗನೋ ಹುಡುಗಿಯೋ ಇದ್ದರೆ, ವೈದ್ಯ ಅಭಿಯಂತರ ಎಂಬ ಎರಡೇ ದಾರಿಗಳನ್ನು ತೋರಿಸಬೇಡಿರಿ. ಪಾಲಕರು ಅಂಜುವರು, ಅವರೊಡನೆ ನೀವೇ ಮಾತಾಡಿರಿ. ಭಾಷೆಯೊಂದಕ್ಕೇ ಒಂದೆರಡು ವರ್ಷಗಳು ಬೇಕಾಗುವವು, ಅದನ್ನು ಮೊದಲೇ ಹೇಳಿಬಿಡಿರಿ.