ಫೈಬರ್ ದೋಣಿಯಲ್ಲಿ ಕೊಳೆತದ್ದು ಏನು?



ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಕರಾವಳಿಯ ಯಾವ ದಡಕ್ಕೆ ಹೋದರೂ ಮರಳಿನ ಮೇಲೆ ಎಳೆದಿಟ್ಟ ಫೈಬರ್ ದೋಣಿಗಳನ್ನು ನೀವು ಕಾಣಬಹುದು. ಕೆಲವು ಹೊಸ ಬಣ್ಣ ಬಳಿದುಕೊಂಡು ಹೊಳೆಯುತ್ತಿರುತ್ತವೆ. ಕೆಲವು ತೆಂಗಿನ ಮರದ ಬುಡದಲ್ಲಿ ಮಳೆನೀರು ತುಂಬಿಕೊಂಡು ಬಿದ್ದಿರುತ್ತವೆ. ಅಂಥ ದೋಣಿಯ ಬಗ್ಗೆ ಕೇಳಿದರೆ, "ಅದು ಕೊಳೆತುಹೋಗಿದೆ" ಎಂಬ ಉತ್ತರ ಬರುವುದುಂಟು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಫೈಬರ್ ದೋಣಿ ಎಂದರೆ ಗಾಜಿನ ಎಳೆ ಮತ್ತು ಪ್ಲಾಸ್ಟಿಕ್. ಗಾಜು ಕೊಳೆಯುವ ವಸ್ತುವಲ್ಲ. ಈ ಪ್ಲಾಸ್ಟಿಕ್ ಕೂಡ ಮರದಂತೆ ಕೊಳೆಯುವುದಿಲ್ಲ. ಹಾಗಾದರೆ ಕೊಳೆತದ್ದು ಏನು? ಅದನ್ನು ಮನೆಯ ಅಂಗಳದಲ್ಲಿಯೇ ಸರಿಪಡಿಸಲು ಸಾಧ್ಯವೆ? ಇಂದು ಈ ಎರಡು ಪ್ರಶ್ನೆಗಳನ್ನು ವಿಚಾರ ಮಾಡೋಣ.

ಮೊದಲು ಈ ದೋಣಿಯ ರಚನೆಯನ್ನು ತಿಳಿದುಕೊಳ್ಳೋಣ. ಕರಗಿದ ಗಾಜನ್ನು ಕೂದಲಿಗಿಂತ ತೆಳುವಾದ ಎಳೆಗಳಾಗಿ ಎಳೆದು, ಅವುಗಳಿಂದ ಚಾಪೆ ಅಥವಾ ಬಟ್ಟೆಯನ್ನು ತಯಾರಿಸುತ್ತಾರೆ. ಅದನ್ನು ಅಚ್ಚಿನ ಮೇಲೆ ಹಾಸಿ, ರೆಸಿನ್ ಎಂಬ ದ್ರವವನ್ನು ಬ್ರಶ್ಶಿನಿಂದ ಹಚ್ಚಿ ನೆನೆಸುತ್ತಾರೆ. ರೆಸಿನ್ ಗಟ್ಟಿಯಾದಾಗ ಎಳೆ ಮತ್ತು ರೆಸಿನ್ ಎರಡೂ ಸೇರಿ ಒಂದೇ ಹಾಳೆಯಾಗುತ್ತದೆ. ಗಾಜಿನ ಎಳೆ ಎಳೆತವನ್ನು ತಾಳುತ್ತದೆ; ರೆಸಿನ್ ಆ ಎಳೆಗಳನ್ನು ಅಲುಗಾಡದಂತೆ ಹಿಡಿದಿಡುತ್ತದೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಈ ವಸ್ತುವಿನಿಂದ ದೋಣಿ ಕಟ್ಟುವುದು ಆರಂಭವಾಯಿತು. ಅನಂತರ ಅದು ಜಗತ್ತಿನ ಎಲ್ಲ ಕರಾವಳಿಗಳಿಗೂ ಹಬ್ಬಿತು.

ಈ ಹಾಳೆ ಬಲವಾದದ್ದು ನಿಜ. ಆದರೆ ತೆಳುವಾಗಿದ್ದರೆ ಸುಲಭವಾಗಿ ಬಾಗುತ್ತದೆ. ಅದನ್ನು ಬಾಗದಂತೆ ಮಾಡಲು ಇಡೀ ದೋಣಿಯನ್ನು ದಪ್ಪವಾಗಿ ಕಟ್ಟಿದರೆ ತೂಕ ಮತ್ತು ಖರ್ಚು ಎರಡೂ ಹೆಚ್ಚುತ್ತವೆ. ಆದುದರಿಂದ ಅನೇಕ ದೋಣಿಗಳಲ್ಲಿ ಎರಡು ತೆಳುವಾದ ಫೈಬರ್ ಪದರಗಳ ನಡುವೆ ಮರ ಅಥವಾ ಪ್ಲೈವುಡ್ ಇಡುತ್ತಾರೆ. ಎಂಜಿನ್ ತೂಗುಹಾಕುವ ಹಿಂಬದಿಯ ಗೋಡೆ, ತಳದಲ್ಲಿ ಉದ್ದಕ್ಕೂ ಓಡುವ ಪಟ್ಟಿಗಳು, ಕಾಲಿಡುವ ನೆಲಹಲಗೆ - ಇವುಗಳ ಒಳಗೆ ಮರವಿರುವುದು ಸಾಮಾನ್ಯ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಫೈಬರ್ ಆಗಿಯೇ ಕಾಣುತ್ತದೆ.

ನಡುವಿನ ಮರ ಏನು ಕೆಲಸ ಮಾಡುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಅಡಿಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಬಾಗಿಸಿ ನೋಡಿ. ಅವು ಒಂದರ ಮೇಲೊಂದು ಜಾರುತ್ತ ಬಾಗುತ್ತವೆ. ಆಗ ಬಿಗಿತ ಒಂದು ಪಟ್ಟಿಯ ಎರಡರಷ್ಟು ಮಾತ್ರ. ಅದೇ ಎರಡು ಪಟ್ಟಿಗಳನ್ನು ಅಂಟಿಸಿ ಒಣಗಿಸಿ ಬಾಗಿಸಿದರೆ ಬಿಗಿತ ಎಂಟರಷ್ಟಾಗುತ್ತದೆ. ಏಕೆಂದರೆ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದೋಣಿಯಲ್ಲಿಯೂ ನಡುವಿನ ಮರವು ಎರಡು ಫೈಬರ್ ಪದರಗಳನ್ನು ದೂರ ಇರಿಸಿ, ಒಂದಾಗಿ ದುಡಿಯುವಂತೆ ಮಾಡುತ್ತದೆ. ಮರ ಕೊಳೆತು ಪುಡಿಯಾದರೆ ಎರಡು ಪದರಗಳೂ ಬೇರೆಬೇರೆಯಾಗುತ್ತವೆ. ನೋಟಕ್ಕೆ ದೋಣಿ ಹಾಗೆಯೇ ಇರುತ್ತದೆ, ಬಲ ಮಾತ್ರ ಹೋಗಿರುತ್ತದೆ. ಸುಮಾರು 50 ಕಿಲೋ ತೂಕದ ಎಂಜಿನ್ ಹೊತ್ತು, ಅದರ ನೂಕುಬಲವನ್ನೂ ತಾಳಬೇಕಾದ ಹಿಂಬದಿಯ ಗೋಡೆ ಹೀಗಾದರೆ ಗತಿಯೇನು? ಅಲೆಯ ನಡುವೆ ಗೋಡೆ ಕಿತ್ತುಬಂದರೆ ಎಂಜಿನ್ನಿನ ಜೊತೆಗೆ ದೋಣಿಯಲ್ಲಿದ್ದವರ ಪ್ರಾಣಕ್ಕೂ ಸಂಚಕಾರ. ಆದ್ದರಿಂದ ಇದನ್ನು ಕೇವಲ ಅಂದಚೆಂದದ ವಿಷಯವೆಂದು ತಿಳಿಯಬಾರದು.

ಇನ್ನು ಮರ ಕೊಳೆಯುವುದು ಹೇಗೆ? ಮರವನ್ನು ಕೊಳೆಸುವುದು ಶಿಲೀಂಧ್ರ, ಅಂದರೆ ಅಣಬೆಯ ಜಾತಿಯ ಜೀವಿ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಅದಕ್ಕೆ ಆಹಾರ, ಗಾಳಿ, ಹದವಾದ ಉಷ್ಣತೆ ಮತ್ತು ನೀರು ಈ ನಾಲ್ಕೂ ಬೇಕು. ನಮ್ಮ ಹವೆಯಲ್ಲಿ ಮೊದಲ ಮೂರನ್ನು ತಡೆಯುವುದು ಕಷ್ಟ. ನಮ್ಮ ಕೈಯಲ್ಲಿರುವುದು ನೀರೊಂದೇ. ಮರದ ತೇವಾಂಶ ಶೇಕಡ 20ಕ್ಕಿಂತ ಕೆಳಗಿದ್ದರೆ ಶಿಲೀಂಧ್ರ ಬೆಳೆಯಲಾರದು. ಸುಮಾರು ಶೇಕಡ 30ರ ಹತ್ತಿರ ಹೋಯಿತೆಂದರೆ ಅದಕ್ಕೆ ಹಬ್ಬ.

ಒಂದು ವಿಚಿತ್ರವನ್ನು ಗಮನಿಸಿ. ಸಮುದ್ರದ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ಮರವನ್ನು ಹೆಚ್ಚು ಕೊಳೆಸುತ್ತದೆ. ಈ ಶಿಲೀಂಧ್ರಗಳಿಗೆ ಉಪ್ಪು ಒಗ್ಗುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮಳೆಗಾಲದಲ್ಲಿ ಹೊದಿಕೆಯಿಲ್ಲದೆ ದಡದಲ್ಲಿಟ್ಟ ದೋಣಿ, ಕಡಲಿನಲ್ಲಿ ದುಡಿಯುವ ದೋಣಿಗಿಂತ ಬೇಗ ಹಾಳಾಗುವುದು ಇದರಿಂದಲೇ. ನೀರು ಒಳಗೆ ಹೋಗುವ ದಾರಿಯೂ ಬಹಳ ಸಣ್ಣದು. ಒಂದು ಸ್ಕ್ರೂ ಹಾಕಿದ ತೂತು, ಎಂಜಿನ್ ಬೋಲ್ಟಿನ ಸಂದು, ಕೂದಲೆಳೆಯ ಬಿರುಕು ಸಾಕು. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಮರವನ್ನು ಕಾಪಾಡಬೇಕಾದ ಫೈಬರ್ ಪದರವೇ ಆಗ ನೀರನ್ನು ಹಿಡಿದಿಡುವ ಚೀಲವಾಗುತ್ತದೆ.

ರೋಗ ಪತ್ತೆ ಮಾಡುವುದು ಹೇಗೆ? ಇದಕ್ಕೆ ದುಬಾರಿ ಉಪಕರಣ ಬೇಡ. ಒಂದು ನಾಣ್ಯದಿಂದ ಅಥವಾ ಸಣ್ಣ ಸುತ್ತಿಗೆಯ ಹಿಡಿಯಿಂದ ಗೇಣು ಗೇಣಿಗೂ ತಟ್ಟುತ್ತ ಹೋಗಬೇಕು. ಗಟ್ಟಿಯಾದ ಕಡೆ "ಟಕ್ ಟಕ್" ಎಂಬ ಚುರುಕಾದ ಸದ್ದು ಬರುತ್ತದೆ. ಕೊಳೆತ ಕಡೆ "ದಬ್" ಎಂಬ ಮಂಕು ಸದ್ದು. ಹೀಗೆ ಪತ್ತೆಯಾದ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಬೇಕು. ಬಳಿಕ ಒಳಬದಿಯಿಂದ ಸಣ್ಣ ತೂತು ಕೊರೆದು, ಬರುವ ಹೊಟ್ಟನ್ನು ನೋಡಬೇಕು. ಹೊಟ್ಟು ಒಣಗಿ ತಿಳಿಬಣ್ಣದ್ದಾಗಿದ್ದರೆ ಮರ ಚೆನ್ನಾಗಿದೆ. ಕಪ್ಪಾಗಿ, ಒದ್ದೆಯಾಗಿ, ಹುಳಿವಾಸನೆ ಬಂದರೆ ಕೊಳೆತಿದೆ. ಕೊಳೆತವು ಸಾಮಾನ್ಯವಾಗಿ ಕಣ್ಣಿಗೆ ಕಂಡದ್ದಕ್ಕಿಂತ ದೂರ ಹಬ್ಬಿರುತ್ತದೆ ಎಂಬುದನ್ನು ಮರೆಯಬಾರದು.

ಇಲ್ಲಿ ಹಲವರು ಸುಲಭದ ಹಾದಿ ಹಿಡಿಯುತ್ತಾರೆ. ಕೊಳೆತ ಮರಕ್ಕೆ ತೂತು ಕೊರೆದು ತೆಳುವಾದ ರೆಸಿನ್ ಸುರಿಯುತ್ತಾರೆ. ಇಲ್ಲವೆ ಮೇಲಿನಿಂದ ಇನ್ನೊಂದು ಪದರ ಫೈಬರ್ ಹಚ್ಚಿ ಬಣ್ಣ ಬಳಿಯುತ್ತಾರೆ. ಒದ್ದೆ ಮರದೊಳಗೆ ರೆಸಿನ್ ಇಳಿಯುವುದಿಲ್ಲ. ಪುಡಿಯಾದ ಮರಕ್ಕೆ ಹಳೆಯ ಬಲವೂ ಮರಳುವುದಿಲ್ಲ. ಕೀವು ತೆಗೆಯದೆ ಗಾಯಕ್ಕೆ ಹೊಲಿಗೆ ಹಾಕಿದಂತೆ ಆಗುತ್ತದೆ. ಇದು ದೋಣಿಯನ್ನು ಉಪಯೋಗಿಸುವವರಿಗೆ ಮಾಡುವ ಮೋಸವೇ ಸರಿ. ಕೊಳೆತದ್ದನ್ನು ಪೂರ್ತಿ ತೆಗೆಯಬೇಕು, ಉಳಿದದ್ದನ್ನು ಪೂರ್ತಿ ಒಣಗಿಸಬೇಕು, ನೀರು ಬಂದ ದಾರಿಯನ್ನು ಮುಚ್ಚಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ.

ಈಗ ಹಿಂಬದಿಯ ಗೋಡೆಯನ್ನು ಸರಿಪಡಿಸುವ ಕ್ರಮವನ್ನು ನೋಡೋಣ. ಎಂಜಿನ್ ಮತ್ತು ಇತರ ಬಿಡಿಭಾಗಗಳನ್ನು ಮೊದಲು ಕಳಚಬೇಕು. ದೋಣಿಯನ್ನು ಹಲವೆಡೆ ಆನಿಕೆ ಕೊಟ್ಟು ಸಮತಟ್ಟಾಗಿ ಕೂರಿಸಬೇಕು. ಒಳಗಿನ ಮರ ತೆಗೆದಾಗ ಒಡಲು ಸಡಿಲವಾಗಿ ಆಕಾರ ಕೆಡುತ್ತದೆ. ಆ ಸೊಟ್ಟ ಆಕಾರದಲ್ಲಿಯೇ ಹೊಸ ಮರ ಕೂರಿಸಿದರೆ ದೋಣಿ ಶಾಶ್ವತವಾಗಿ ಸೊಟ್ಟಗಾಗುತ್ತದೆ. ಅನಂತರ ಒಳಗಿನ ಫೈಬರ್ ಪದರವನ್ನು ಮಾತ್ರ ಕತ್ತರಿಸಿ ತೆಗೆಯಬೇಕು. ಹೊರಗಿನ ಪದರ ಹಾಗೆಯೇ ಉಳಿದರೆ ಅದೇ ಅಚ್ಚಿನ ಕೆಲಸ ಮಾಡುತ್ತದೆ. ಕೊಳೆತ ಮರವನ್ನು ಉಳಿಯಿಂದ ಕೆತ್ತಿ, ಹೊಳಪಿಲ್ಲದ ಸ್ವಚ್ಛ ಫೈಬರ್ ಕಾಣುವವರೆಗೆ ಉಜ್ಜಬೇಕು.

ಮುಂದಿನದು ಒಣಗಿಸುವ ಕೆಲಸ. ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಘಟ್ಟವಿದು. ಕರಾವಳಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣಹವೆ ಇದಕ್ಕೆ ಅನುಕೂಲ. ಉಳಿಸಿಕೊಂಡ ಮರ ಒಣಗಿದೆಯೇ ಎಂದು ತಿಳಿಯಲು ಅದರದೇ ಒಂದು ಚೂರನ್ನು ದೋಣಿಯ ಬಳಿಯೇ ಇಟ್ಟು ದಿನವೂ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತರೆ ಅಲ್ಲಿಯ ಹವೆಯಲ್ಲಿ ಒಣಗುವಷ್ಟು ಒಣಗಿದೆ ಎಂದರ್ಥ. ಆ ಚೂರನ್ನು ಪ್ರಯೋಗಾಲಯದ ಓವನ್ನಿನಲ್ಲಿ ಪೂರ್ತಿ ಒಣಗಿಸಿ ತೂಗಿದರೆ ತೇವಾಂಶದ ಲೆಕ್ಕವೂ ಸಿಗುತ್ತದೆ. 130 ಗ್ರಾಂ ಇದ್ದ ಚೂರು 100 ಗ್ರಾಂಗೆ ಇಳಿದರೆ, ಅದರಲ್ಲಿ ಇದ್ದ ತೇವಾಂಶ ಶೇಕಡ 30. ನಿಮ್ಮ ಶಾಲೆಯ ತಕ್ಕಡಿಯಲ್ಲಿಯೂ ಈ ಪ್ರಯೋಗ ಮಾಡಬಹುದು.

ಹೊಸ ಮರಕ್ಕೆ ಮನೆಯ ಕಪಾಟಿನ ಪ್ಲೈವುಡ್ ಸಲ್ಲದು. ಭಾರತೀಯ ಮಾನಕ 710ರ ಮುದ್ರೆಯಿರುವ ಮೆರೈನ್ ಪ್ಲೈವುಡ್ ಬೇಕು. ಒಂದು ದಪ್ಪ ಹಲಗೆಯ ಬದಲು ಎರಡು ಹಲಗೆಗಳನ್ನು ಅಂಟಿಸಿ ಬೇಕಾದ ದಪ್ಪ ಪಡೆಯಬಹುದು. ಅದರ ಅಂಚುಗಳಿಗೆ ರೆಸಿನ್ ಕುಡಿಸಬೇಕು. ನೀರು ಬೇಗ ಹೀರುವುದು ಅಂಚಿನಿಂದಲೇ. ಹೊರಪದರಕ್ಕೂ ಹಲಗೆಗೂ ನಡುವೆ ಗಾಳಿಯ ಪೊಳ್ಳು ಉಳಿಯದಂತೆ ಗಟ್ಟಿ ಅಂಟು ಹಚ್ಚಿ ಕ್ಲಾಂಪ್ ಹಾಕಬೇಕು. ಅಂಟೆಲ್ಲ ಹಿಂಡಿಹೋಗುವಷ್ಟು ಬಿಗಿಯಬಾರದು.

ಮೂಲೆಗಳಲ್ಲಿ ಅದೇ ಗಟ್ಟಿ ಅಂಟಿನಿಂದ ದುಂಡಗಿನ ತಿರುವು ಮಾಡಬೇಕು, ಏಕೆಂದರೆ ಗಾಜಿನ ಬಟ್ಟೆ ಚೂಪಾದ ಮೂಲೆಯಲ್ಲಿ ಅಂಟದೆ ಎದ್ದುನಿಲ್ಲುತ್ತದೆ. ಆಮೇಲೆ ಹೊಸ ಫೈಬರ್ ಪದರಗಳು. ಹಳೆಯ ಪದರದ ಅಂಚನ್ನು ಇಳಿಜಾರಾಗಿ ಉಜ್ಜಿ ಹೊಸದನ್ನು ಅದರ ಮೇಲೆ ಹತ್ತಿಸಬೇಕು. ಇಳಿಜಾರಿನ ಉದ್ದ ದಪ್ಪದ 12ರಷ್ಟು ಇರಲಿ ಎಂಬುದು ರೂಢಿಯ ನಿಯಮ. ಪದರ 6 ಮಿಲಿಮೀಟರ್ ದಪ್ಪವಿದ್ದರೆ ಇಳಿಜಾರು 72 ಮಿಲಿಮೀಟರ್. ಅಂಟಿಕೊಳ್ಳುವ ಜಾಗ ವಿಶಾಲವಾದಷ್ಟೂ ಭಾರ ಹಂಚಿಹೋಗುತ್ತದೆ. ಪ್ರತಿ ಪದರವನ್ನೂ ರೋಲರಿನಿಂದ ಒತ್ತಿ ಗಾಳಿಗುಳ್ಳೆಗಳನ್ನು ಹೊರಡಿಸಬೇಕು.

ಯಾವ ರೆಸಿನ್ ಬಳಸಬೇಕು? ದೋಣಿ ಕಟ್ಟುವವರು ಹೆಚ್ಚಾಗಿ ಬಳಸುವುದು ಅಗ್ಗದ ಪಾಲಿಯೆಸ್ಟರ್. ಎಪಾಕ್ಸಿಯ ಬೆಲೆ ಹೆಚ್ಚು. ಆದರೆ ಹಳೆಯ ಫೈಬರಿಗೂ ಮರಕ್ಕೂ ಅದು ಹೆಚ್ಚು ಭದ್ರವಾಗಿ ಅಂಟುತ್ತದೆ. ರಿಪೇರಿಗೆ ಅದೇ ಮೇಲು. ಎಪಾಕ್ಸಿಯ ಎರಡು ಭಾಗಗಳನ್ನು ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಬೇಗ ಗಟ್ಟಿಯಾಗಲೆಂದು ಒಂದನ್ನು ಹೆಚ್ಚು ಹಾಕಿದರೆ ಅದು ಎಂದೂ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಪಾಲಿಯೆಸ್ಟರ್ ಗಟ್ಟಿಯಾಗಲು ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್ ಎಂಬ ದ್ರವವನ್ನು ಸಾಮಾನ್ಯವಾಗಿ ಶೇಕಡ 1ರಿಂದ 2ರಷ್ಟು ಸೇರಿಸುತ್ತಾರೆ. ಅದರ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೆ ಅಪಾಯ. ಬಿದ್ದರೆ ತಕ್ಷಣ ಕನಿಷ್ಠ 15 ನಿಮಿಷ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಓಡಬೇಕು. ಕೋಬಾಲ್ಟ್ ಎಂಬ ಇನ್ನೊಂದು ದ್ರವವನ್ನು ಕೆಲವೊಮ್ಮೆ ಬೇರೆಯಾಗಿ ಕೊಡುತ್ತಾರೆ. ಈ ಎರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಅಥವಾ ಸ್ಫೋಟ ಸಂಭವಿಸಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಿ, ಬಳಿಕವೇ ಪೆರಾಕ್ಸೈಡ್ ಸೇರಿಸಬೇಕು. ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿನ ಆವಿ ಸುಮಾರು 31 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಕರಾವಳಿಯ ಮಧ್ಯಾಹ್ನದ ಬಿಸಿಲು ಅದಕ್ಕಿಂತ ಕಡಿಮೆಯೇನಲ್ಲ. ಹತ್ತಿರ ಬೀಡಿ, ಸ್ಟೌ ಇರಕೂಡದು. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಕೂಡದು. ಗಾಜಿನ ಧೂಳು ಚರ್ಮ ಮತ್ತು ಶ್ವಾಸಕೋಶಕ್ಕೆ ಕೆಟ್ಟದ್ದು. ಕೈಗವಸು, ಕನ್ನಡಕ, ಧೂಳು ಮತ್ತು ಆವಿ ಎರಡನ್ನೂ ತಡೆಯುವ ಮುಖವಾಡ ಇರಲೇಬೇಕು. ನೀವು ವಿದ್ಯಾರ್ಥಿಗಳು ನುರಿತ ಹಿರಿಯರ ಜೊತೆಯಲ್ಲಲ್ಲದೆ ಇದಕ್ಕೆ ಕೈಹಾಕಬಾರದು.

ಕೊನೆಯದಾಗಿ ತೂತುಗಳು. ಬೋಲ್ಟಿಗೆ ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಎಪಾಕ್ಸಿಯಿಂದ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಕೊರೆಯಬೇಕು. ಆಗ ಬೋಲ್ಟಿನ ಪಕ್ಕದಿಂದ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಅರ್ಧ ದಿನದ ಈ ಕೆಲಸ ದೋಣಿಯ ಆಯುಸ್ಸಿಗೆ ಎಷ್ಟೋ ವರ್ಷಗಳನ್ನು ಸೇರಿಸುತ್ತದೆ. ಎಪಾಕ್ಸಿ ಬಿಸಿಲಿಗೆ ಕೆಡುವುದರಿಂದ ಮೇಲೆ ಬಣ್ಣ ಬೇಕು. ಮೊದಲ ಪರೀಕ್ಷೆ ಸೊಂಟದೆತ್ತರದ ಶಾಂತ ನೀರಿನಲ್ಲಿ, ಜೀವರಕ್ಷಕ ಜಾಕೆಟ್ ತೊಟ್ಟು ನಡೆಯಲಿ.

ಎಲ್ಲ ದೋಣಿಗಳನ್ನೂ ಉಳಿಸಲಾಗದು. ಹೊರಪದರವೇ ಅಲ್ಲಲ್ಲಿ ಸೀಳಿದ್ದರೆ, ತಳದ ಪಟ್ಟಿಗಳೆಲ್ಲ ಕೊಳೆತು ಒಡಲಿನ ಆಕಾರ ಕೆಟ್ಟಿದ್ದರೆ, ಅದನ್ನು ನೀರಿಗಿಳಿಸದಿರುವುದೇ ವಿವೇಕ. ಆದರೆ ಉಳಿಸಬಹುದಾದದ್ದನ್ನು ಉಳಿಸಲು ಇನ್ನೊಂದು ಕಾರಣವಿದೆ. ಗಟ್ಟಿಯಾದ ಈ ರೆಸಿನ್ನನ್ನು ಮೇಣದಂತೆ ಮತ್ತೆ ಕರಗಿಸಿ ಹೊಸ ವಸ್ತು ಮಾಡಲಾಗದು. ಬಿಸಾಡಿದ ಫೈಬರ್ ದೋಣಿ ಮಣ್ಣಾಗುವುದಿಲ್ಲ. ದಡದಲ್ಲಿಯೇ ತಲೆಮಾರುಗಳ ಕಾಲ ಬಿದ್ದಿರುತ್ತದೆ.

ಮಿತ್ರರೇ, ಭೌತಶಾಸ್ತ್ರದ ಬಿಗಿತ, ರಸಾಯನಶಾಸ್ತ್ರದ ರೆಸಿನ್, ಜೀವಶಾಸ್ತ್ರದ ಶಿಲೀಂಧ್ರ ಈ ಮೂರೂ ಒಂದು ಹಳೆಯ ದೋಣಿಯಲ್ಲಿ ಒಟ್ಟಿಗೆ ಸಿಗುತ್ತವೆ. ಮುಂದಿನ ಸಲ ದಡಕ್ಕೆ ಹೋದಾಗ ಒಡೆಯರ ಅಪ್ಪಣೆ ಪಡೆದು ಒಂದು ದೋಣಿಯ ಹಿಂಬದಿಯನ್ನು ತಟ್ಟಿ ನೋಡಿ. ಮಂಕು ಸದ್ದು ಬಂದರೆ ಅವರಿಗೆ ತಿಳಿಸಿ. ಮಳೆಗಾಲಕ್ಕೆ ಮುಂಚೆ ಅದರ ಮೇಲೊಂದು ಟಾರ್ಪಾಲಿನ್ ಹೊದಿಸಲು, ಕೆಳಗಿನ ಬಿರಡೆ ತೆಗೆದು ನೀರು ಹರಿದುಹೋಗುವಂತೆ ಇಡಲು ನೆರವಾಗಿ. ಎಷ್ಟೋ ಕೊಳೆತ ಅಲ್ಲಿಗೇ ತಪ್ಪುತ್ತದೆ.