ಅಡಿಗೆಮನೆಯ ಒಂದು ಪ್ರಯೋಗ

ರಸಾಯನಶಾಸ್ತ್ರವೆಂದೊಡನೆ ಗಾಜಿನ ನಳಿಗೆಗಳೂ ಸೀಸೆಗಳೂ ತುಂಬಿದ ಪ್ರಯೋಗಶಾಲೆಯೇ ಕಣ್ಣಮುಂದೆ ನಿಲ್ಲುವುದು ಸಹಜ. ಆದರೆ ಈ ಶಾಸ್ತ್ರದ ಒಂದು ಮುಖ್ಯ ಪಾಠಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಅಡಿಗೆಮನೆಯಲ್ಲಿಯೇ ಉಂಟು: ಒಂದು ಚಮಚ ಅಡಿಗೆ ಸೋಡ, ಅರ್ಧ ಲೋಟ ವಿನಿಗರ್, ಒಂದು ಮೋಟು ಮೇಣದ ಬತ್ತಿ. ವಿನಿಗರ್ ಇಲ್ಲದವರು ನಿಂಬೆಯ ರಸವನ್ನು ಬಳಸಬಹುದು. ಇಲ್ಲಿ ಹುಳಿಯೇ ಮುಖ್ಯವಾದುದು.

ಎತ್ತರವಾದ ಪಾತ್ರೆಯೊಂದರಲ್ಲಿ ಸೋಡವನ್ನು ಹಾಕಿ, ವಿನಿಗರನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ಕೂಡಲೇ ಬುಸುಗುಟ್ಟಿ ನೊರೆಯೇಳುವುದು. ಸೋಡವು ಕ್ಷಾರಗುಣವುಳ್ಳ ಲವಣ. ವಿನಿಗರಿನಲ್ಲಿ ನೂರಕ್ಕೆ ಸುಮಾರು 5 ಪಾಲು ಅಸಿಟಿಕ್ ಆಮ್ಲವಿರುತ್ತದೆ. ಇವೆರಡೂ ಕೂಡಿದಾಗ ಸೋಡಿಯಂ ಅಸಿಟೇಟ್ ಎಂಬ ಬೇರೊಂದು ಲವಣವೂ, ನೀರೂ, ಇಂಗಾಲಾಮ್ಲವಾಯುವೂ ಉಂಟಾಗುವುವು. 5 ಗ್ರಾಂ ಸೋಡದಿಂದ ಒಂದು ಲೀಟರಿಗೂ ಮಿಕ್ಕಿ ಈ ವಾಯು ಹೊರಡುವುದು. ಆದುದರಿಂದ ಈ ಮಿಶ್ರಣವನ್ನು ಸೀಸೆಗೆ ತುಂಬಿ ಬಿರಡೆ ಹಾಕುವ ಸಾಹಸವನ್ನು ಮಕ್ಕಳು ಎಂದಿಗೂ ಮಾಡಕೂಡದು, ಸೀಸೆ ಸಿಡಿದೀತು.

ನೊರೆ ಅಡಗಿದ ಮೇಲೆ ಪಾತ್ರೆ ಬರಿದಾದಂತೆ ತೋರುವುದು. ಆದರೆ ದ್ರವದ ಮೇಲಿನ ಜಾಗವನ್ನು ಕಣ್ಣಿಗೆ ಕಾಣದ ಈ ವಾಯುವು ಆಕ್ರಮಿಸಿಕೊಂಡಿರುವುದು. ಇದು ನಾವು ಉಸಿರಾಡುವ ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರ. ಇನ್ನೊಂದು ಲೋಟದ ತಳದಲ್ಲಿ ಮೋಟುಬತ್ತಿಯನ್ನು ಹಚ್ಚಿಟ್ಟು, ದ್ರವ ಬೀಳದಂತೆ ಪಾತ್ರೆಯನ್ನು ಮೆಲ್ಲನೆ ಅದರ ಮೇಲೆ ಬಗ್ಗಿಸಿರಿ. ಏನನ್ನೂ ಸುರಿದಂತೆ ಕಾಣದು. ಆದರೂ ದೀಪ ನಂದಿಹೋಗುವುದು. ಸುಣ್ಣದ ಕಲ್ಲು ಮುಂತಾದುವುಗಳಲ್ಲಿ ಅಡಗಿರುವ ಈ ವಾಯುವಿನ ವಿಷಯವನ್ನು ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು 1756ರಲ್ಲಿ ಪ್ರಕಟಪಡಿಸಿ, ಅದಕ್ಕೆ ಸ್ಥಿರವಾಯುವೆಂದು ಹೆಸರಿಟ್ಟನು.

ಇದು ಕೇವಲ ಮಕ್ಕಳಾಟವೆಂದು ತಿಳಿಯಬೇಡಿರಿ. ನಮ್ಮ ಬಯಲುಸೀಮೆಯಲ್ಲಿ ಹಿಂದೆ ಧಾನ್ಯವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುತ್ತಿದ್ದರು. ಕಾಳೂ ಜೀವವುಳ್ಳ ವಸ್ತುವೇ. ಅದು ಉಸಿರಾಡುತ್ತ ಆಮ್ಲಜನಕವನ್ನು ಕಳೆದು ಇಂಗಾಲಾಮ್ಲವಾಯುವನ್ನು ಬಿಡುವುದು. ಭಾರವಾದ ಆ ವಾಯು ಹಗೇವಿನಲ್ಲಿಯೇ ನಿಲ್ಲುವುದು. ಬಾಯಿ ತೆರೆದೊಡನೆ ಇಳಿದವನು ಕುಸಿದುಬೀಳುವನು. ಅವನನ್ನು ಎತ್ತಲು ಧಾವಿಸಿದವನ ಗತಿಯೂ ಅದೇ. ಪಾಳುಬಾವಿಗಳಲ್ಲಿಯೂ ಇದೇ ಅಪಾಯ. 1986ರ ಆಗಸ್ಟಿನಲ್ಲಿ ಆಫ್ರಿಕದ ಕ್ಯಾಮರೂನ್ ದೇಶದ ನಿಯೋಸ್ ಸರೋವರದಿಂದ ಈ ವಾಯುವೇ ಉಕ್ಕಿ, ತಗ್ಗಿನ ಹಳ್ಳಿಗಳಿಗೆ ಹರಿದು, ಒಂದೇ ರಾತ್ರಿಯಲ್ಲಿ ಸುಮಾರು 1,700 ಮಂದಿಯನ್ನು ಬಲಿತೆಗೆದುಕೊಂಡಿತು.

ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯ ಅರ್ಥ ಈಗ ಸ್ಪಷ್ಟವಾಗಿರಬಹುದು. ದೀಪ ನಂದಿತೆಂದರೆ ಅಲ್ಲಿ ಮನುಷ್ಯನಿಗೆ ಎಡೆಯಿಲ್ಲ. ಆದರೆ ದೀಪ ಉರಿಯಿತೆಂದು ನಿರ್ಭಯವಾಗಿ ಇಳಿಯುವುದೂ ತಪ್ಪು. ಬತ್ತಿಯನ್ನು ಆರಿಸದಷ್ಟು ವಾಯುವೂ ಮನುಷ್ಯನ ತಲೆ ತಿರುಗಿಸಬಲ್ಲುದು. ಬೇರೆ ವಿಷವಾಯುಗಳು ದೀಪಕ್ಕೆ ಸಿಕ್ಕದೆಯೇ ಇದ್ದಾವು. ಉರಿಯುವ ವಾಯುವಿದ್ದರೆ ದೀಪವೇ ಅನಾಹುತಕ್ಕೆ ಕಾರಣವಾದೀತು. ಆದಕಾರಣ ಗಾಳಿಯನ್ನು ಅಳೆಯುವ ಯಂತ್ರವೂ, ಸೊಂಟಕ್ಕೆ ಹಗ್ಗವೂ, ಮೇಲೆ ಕಾವಲಿಗೆ ಜನರೂ ಇಲ್ಲದೆ ಯಾರೂ ಅಂಥ ಕಡೆ ಇಳಿಯಬಾರದು.

ಕಾಣದ ವಸ್ತುವಿಗೂ ತೂಕವುಂಟು, ಗುಣವುಂಟು. ಲೋಟದೊಳಗೆ ಬತ್ತಿ ಆರುವುದನ್ನು ಕಣ್ಣಾರೆ ಕಂಡ ಹುಡುಗನು ಬಾವಿಯ ದಂಡೆಯಲ್ಲಿ ಒಂದು ಕ್ಷಣ ನಿಂತು ಯೋಚಿಸುವನು. ಆ ಒಂದು ಕ್ಷಣದಿಂದ ಒಂದು ಜೀವ ಉಳಿದೀತು.